ಜೀಪಿನ ಹೊಟ್ಟಿಗೆ ಅರಿಶಿಣ

ಹೋದ ತಿಂಗಳು ಹಡಗಲಿಯಿಂದ ನಮ್ಮ ದೊಡ್ಡಕ್ಕ ಬಂದಿದ್ಲು, ಒಂದು ಚೀಲ ಮಲ್ಲಿಗಿ ಮೊಗ್ಗು ತಗೊಂಡು. ಅಂಗಳದಾಗ ಕಾಲಿಡ್ತಿದ್ದಂಗ ಚಪ್ಪರದ ಕೆಳಗ ನಿಂತಿದ್ದ ಹಳೇ ಜೀಪು ನೋಡಿ, "ಯವ್ವಾ, ಇದು ಇನ್ನೂ ಐತೇನ?" ಅಂದ್ಲು. ಇರೋದಷ್ಟ ಅಲ್ಲ, ಓಡತೈತಿ ಅಂದೆ. ನಂಬಲಿಲ್ಲ. ಆಮೇಲೆ ಒಳಗ ಕುಂತು ಮೊಗ್ಗು ಕಟ್ಟೋವಾಗ ಜೀಪಿನ ಕಥಿ ಎಲ್ಲಾ ಹೇಳಿದೆ. "ಇದನ್ನ ಬರಿ, ನಮ್ಮ ಹೆಣ್ಮಕ್ಕಳು ಓದ್ಲಿ" ಅಂತ ಆಕೀನ ಹೇಳಿದ್ದು. ಬರೀತೀನಿ ಅಂತ ಕುಂತ ಮ್ಯಾಲ ಒಂದು ಮಾತು ಮುಚ್ಚಿಡಾಕ ಆಗಲಿಲ್ಲ. ಅದು ಕೊನೀಗೆ ಬರ್ತೈತಿ.

ಜೀಪು 1968ರದ್ದು. ನಮ್ಮ ಮಾವನೋರು 1979ರಾಗ ಹರಾಜಿನಾಗ ಹಿಡಿದಿದ್ದು. ನಾನು 1990ರಾಗ ಸೊಸಿಯಾಗಿ ಕೊಟ್ಟೂರಿಗೆ ಬಂದಾಗ ಅದರ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂಡ್ಸಿದ್ರು. ಆ ಕಾಲದಾಗ ನಮ್ಮ ಕಡಿ ಎಷ್ಟೋ ಮಂದಿ ಹಂಗ ಮಾಡ್ತಿದ್ರು, ಪೆಟ್ರೋಲಿಗೆ ರೊಕ್ಕ ಎಲ್ಲಿಂದ ತರಬೇಕು. ಚಾಲೂ ಮಾಡಿದ್ರ ಪಡಸಾಲಿ ಗೂಡಿನಾಗಿನ ಹಿತ್ತಾಳಿ ದೀಪ ನಡುಗ್ತಿದ್ವು. ಮದುವಿಯಾದ ಹೊಸದರಾಗ ನನಗ ಕೊಟ್ಟ ಮೊದಲ ಕೆಲಸ ಏನು ಗೊತ್ತೇನ್ರಿ? ಜೀಪು ಹೊಂಡೋ ಮುಂಚೆ ಒಂದು ಕೊಡ ನೀರು, ಒಂದು ತಂಬಿಗಿ ಹಿಂದಿನ ಸೀಟಿನ ಕೆಳಗ ಇಡೋದು. ನೀರು ನಮಗಲ್ಲ, ಜೀಪಿಗೆ. ರೇಡಿಯೇಟರ್ ಸೋರ್ತಿತ್ತು. ನಾನು ಬರೋಕಿಂತ ಮುಂಚೆನೂ ಸೋರ್ತಿತ್ತು, ಆಮೇಲೂ ಸೋರ್ತಿತ್ತು.

ರೇಡಿಯೇಟರ್ ಅಂದ್ರ ಏನಂತ ನಮಗ್ಯಾರೂ ಹೇಳ್ಕೊಟ್ಟಿಲ್ಲ. ನಾನು ಕಲ್ತಿದ್ದನ್ನ ನಮ್ಮ ಅಡಗಿಮನಿ ಮಾತಿನಾಗ ಹೇಳ್ತೀನಿ. ಎಂಜಿನ್ ಒಂದು ಒಲಿ ಇದ್ದಂಗ. ಆ ಕಾವು ತೆಗೀದಿದ್ರ ಕಬ್ಬಿಣಾನ ಕಚ್ಕೊಂಡು ಕುಂತುಬಿಡ್ತೈತಿ. ಅದಕ್ಕ ಎಂಜಿನ್ ಸುತ್ತ ನೀರು ಹರಿಸ್ತಾರ. ಕಾದ ನೀರು ಮುಂದಿನ ಜಾಳಗಿಗೆ ಬರ್ತೈತಿ. ಮ್ಯಾಲೊಂದು ಹಿತ್ತಾಳಿ ತೊಟ್ಟಿ, ಕೆಳಗೊಂದು ಹಿತ್ತಾಳಿ ತೊಟ್ಟಿ, ನಡುವ ಸಾಲು ಸಾಲು ಸಣ್ಣ ನಳಿಗಿ, ನಳಿಗಿ ನಡುವ ತೆಳ್ಳಗಿನ ತಾಮ್ರದ ರೆಕ್ಕಿ. ಬಿಸಿ ಹಾಲನ್ನ ಅಗಲ ತಾಟಿಗೆ ಸುರುವಿದ್ರ ಬೇಗ ಆರ್ತೈತಲ್ಲ, ಅದ ಲೆಕ್ಕ. ನೀರನ್ನ ನೂರಾರು ಕಡಿ ಹಂಚಿ ಗಾಳಿಗೆ ಹಿಡೀತಾರ, ಆರಿದ ನೀರು ತಿರುಗಾ ಎಂಜಿನ್ನಿಗೆ ಹೋಗ್ತೈತಿ. ಮ್ಯಾಲಿನ ಮುಚ್ಚಳ ಕುಕ್ಕರಿನ ವೇಟ್ ಇದ್ದಂಗ. ನಮ್ಮ ಕುಕ್ಕರಿನಾಗ ಒತ್ತಡದಿಂದ ನೀರು 120 ಡಿಗ್ರಿ ತನಕ ಕಾಯ್ತೈತಿ. ಜೀಪಿಂದು ಅದರ ಅರ್ಧದಷ್ಟು ಒತ್ತಡಾನೂ ಇರಲ್ಲ, ಆದ್ರೂ ನೂರು ಡಿಗ್ರಿ ದಾಟಿದ ನೀರು ಕುದೀದ ಸುಮ್ಮನ ಕುಂತಿರ್ತೈತಿ. ಮುಚ್ಚಳ ತಿರುವಿದ್ರ ಒತ್ತಡ ಹೋಗಿ ಒಮ್ಮೆಗೇ ಕುದ್ದು ಮುಖಕ್ಕ ಹಾರತೈತಿ. ಕುಕ್ಕರ್ ಕೂಗೋವಾಗ ಮುಚ್ಚಳ ತೆಗೆಯಲ್ಲ ನಾವು. ಗಂಡಸರು ರೇಡಿಯೇಟರ್ ಮುಚ್ಚಳ ಮಾತ್ರ ತೆಗೀತಾರ!

ಈ ನೀರಿನ ತ್ರಾಸು ಮೊದಲು ಅನುಭವಿಸಿದ ಡ್ರೈವರ್ ಒಬ್ಬ ಹೆಣ್ಮಗಳು ಅಂದ್ರ ನಂಬ್ತೀರೇನು? ಜರ್ಮನಿ ದೇಶದಾಗ ಕಾರ್ಲ್ ಬೆಂಜ್ ಅನ್ನೋರು 1886ರಾಗ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ್ರು. ಆದ್ರ ಕೊಳ್ಳೋರಿಲ್ಲ. ಅವರ ಹೇಣ್ತಿ ಬರ್ತಾ ಬೆಂಜ್ 1888ರ ಆಗಸ್ಟಿನಾಗ ಗಂಡಗ ಹೇಳದ ಕೇಳದ ಇಬ್ಬರು ಗಂಡುಮಕ್ಕಳನ್ನ ಕೂಡ್ಸ್ಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮ್ ಅನ್ನೋ ಊರಿಗೆ ಗಾಡಿ ತಗೊಂಡು ಹೊಂಟುಬಿಟ್ಲು. ನೂರು ಕಿಲೋಮೀಟರಿಗಿಂತ ಜಾಸ್ತಿ, ತವರೂರು ನೋಡ್ರಿ ಅದು. ತವರಿಗೆ ಹೋಗಾಕ ಹೆಣ್ಮಕ್ಕಳು ಏನು ಬೇಕಾದ್ರೂ ಮಾಡ್ತಾರ ಅನ್ನೋದು ಅಲ್ಲೂ ಸುಳ್ಳಲ್ಲ. ದಾರ್ಯಾಗ ಎಣ್ಣಿ ನಳಿಗಿ ಕಟ್ಕೊಂಡಾಗ ಟೊಪ್ಪಿಗಿ ಪಿನ್ನಿನಿಂದ ಚುಚ್ಚಿ ಬಿಡಿಸಿದ್ಲು. ಬ್ರೇಕು ಸವೆದಾಗ ಚಪ್ಪಲಿ ಹೊಲಿಯೋರ ಕಡಿಂದ ತೊಗಲು ಹೊಡಿಸಿದ್ಲು. ಎಣ್ಣಿ ತೀರಿದಾಗ ಔಷಧಿ ಅಂಗಡ್ಯಾಗ ಕೊಂಡ್ಲು. ಆ ಗಾಡಿಗೆ ರೇಡಿಯೇಟರ್ ಅನ್ನೋದ ಇರಲಿಲ್ಲ. ನೀರು ಕುದ್ದು ಹಬಿಯಾಗಿ ಹೋಗ್ತಿತ್ತು, ಅದಕ್ಕ ದಾರಿ ಉದ್ದಕ್ಕೂ ಬಾವಿ, ಹಳ್ಳ ಕಂಡಲ್ಲಿ ನಿಂತು ನೀರು ತುಂಬ್ಕೊಂಡು ಹೋದ್ಲು. ಇದನ್ನ ನಮ್ಮ ಮೈದುನನ ಮಗ ಮೊಬೈಲಿನಾಗ ತೋರ್ಸಿದಾಗ ನನಗ ನನ್ನ ಕೊಡ, ತಂಬಿಗಿ ನೆನಪಾದ್ವು.

ಹಬಿಯಾಗಿ ಹೋಗೋ ನೀರನ್ನ ಹಿಡಿದಿಡೋ ಉಪಾಯ ಆಮೇಲೆ ಒಂದೊಂದಾಗಿ ಬಂತು. ವಿಲ್ಹೆಲ್ಮ್ ಮೇಬ್ಯಾಕ್ ಅನ್ನೋ ಎಂಜಿನಿಯರ್ 1900ರ ಕೊನೀಗೆ ತಯಾರಾದ ಒಂದು ಗಾಡಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ್ರು. ಎಂಟು ಸಾವಿರಕ್ಕೂ ಜಾಸ್ತಿ ಸಣ್ಣ ಚೌಕ ನಳಿಗಿ, ಒಂದೊಂದು ಆರಾರು ಮಿಲಿಮೀಟರು, ಎಲ್ಲಾ ಬೆಸುಗಿ ಹಾಕಿ ಕೂಡ್ಸಿದ್ದು. ಆ ಗಾಡಿ ಮಾಡಿಸಿದ ಸಾವುಕಾರ ತನ್ನ ಮಗಳ ಹೆಸರಿಟ್ಟ. ಆ ಹುಡುಗಿಗೆ ಆಗ ಹನ್ನೊಂದು ವರ್ಷ, ಹೆಸರು ಮರ್ಸಿಡೀಸ್. ಈಗ ದೊಡ್ಡ ಮಂದಿ ಓಡಾಡೋ ಕಾರಿಗೆ ಇರೋದು ಅದ ಹೆಸರು. ಧರ್ಮಸ್ಥಳಕ್ಕ ಹೋದಾಗ ಅಲ್ಲಿ ಹಳೇ ಕಾರಿನ ಮ್ಯೂಸಿಯಂ ನೋಡಿರ್ತೀರಿ. ಮುಂದಿನ ಸಲ ಹೋದಾಗ ಬಣ್ಣ ನೋಡಿ ಸುಮ್ಮನ ಬರಬ್ಯಾಡ್ರಿ, ಕಾರಿನ ಮುಂದಿನ ಮೂಗು ನೋಡ್ರಿ. ಹಳೇ ಗಾಡಿಗಳದ್ದು ರೇಡಿಯೇಟರಿನ ಚೌಕಟ್ಟ ಗಾಡಿ ಮುಖ ಆಗಿರ್ತೈತಿ.

ಇನ್ನ ಜೀಪು. ಅದು ಯುದ್ಧದ ಕೂಸು. ಎರಡನೇ ಮಹಾಯುದ್ಧದಾಗ ಅಮೆರಿಕಾದ ವಿಲ್ಲಿಸ್ ಕಂಪನಿ, ಫೋರ್ಡ್ ಕಂಪನಿ ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ ಮಾಡಿದ್ವು. ಸ್ವಾತಂತ್ರ್ಯ ಬಂದ ಕಾಲಕ್ಕ ಮಹೀಂದ್ರದೋರು ವಿಲ್ಲಿಸ್ ಜೀಪನ್ನ ಮುಂಬೈಯಾಗ ಜೋಡ್ಸಾಕ ಹತ್ತಿದ್ರು, ಆಮೇಲೆ ಇಲ್ಲೇ ತಯಾರು ಮಾಡಿದ್ರು. ನಮ್ಮ ಕಡಿ ಜನ ಜೀಪು ಕಂಡಿದ್ದು ಬ್ಯಾರೆ ತರಾ. ನಮ್ಮವ್ವನ ತವರು ಹಗರಿಬೊಮ್ಮನಹಳ್ಳಿ ಕಡಿ. ತುಂಗಭದ್ರಾ ಡ್ಯಾಮಿನ ಕೆಲಸ 1945ರಾಗ ಶುರುವಾಗಿ 1953ಕ್ಕ ನೀರು ನಿಂತಿತಲ್ಲ, ಆಗ ಆಕಿ ಸಣ್ಣಾಕಿ. ಜೀಪು ಬಂತು ಅಂದ್ರ ಅಳತಿ ಮಾಡೋ ಸಾಹೇಬರು ಬಂದ್ರು, ಅಳತಿ ಆತು ಅಂದ್ರ ಊರು ಬಿಡಬೇಕು ಅಂತ ಮುದುಕ್ಯಾರು ಅಳ್ತಿದ್ರಂತ. "ಆ ಮೋಟಾರು ಕಂಡ್ರ ನಮಗ ಹೆದರಿಕಿ" ಅಂತಿದ್ಲು ಅವ್ವ. ಅದ 1953ರ ಅಕ್ಟೋಬರ್ 1ಕ್ಕ ನಮ್ಮ ಬಳ್ಳಾರಿ ಸೀಮಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರ್ತು. ಊರು ಮುಳುಗಿದೋರಿಗೆ ಯಾವ ರಾಜ್ಯ ಆದ್ರೇನು. ನನ್ನನ್ನ ಜೀಪು ಇರೋ ಮನಿಗೆ ಕೊಟ್ಟಾಗ ಅವ್ವ ಅಂಗಳದಾಗ ಅದನ್ನ ನೋಡಿ ಮುಖ ತಿರುವಿದ್ದು ನನಗ ನೆನಪೈತಿ. ಯಾಕಂತ ಆಗ ತಿಳೀಲಿಲ್ಲ.

ಜೀಪು ಅಮೆರಿಕಾದ್ದು, ಆದ್ರ ಅದರ ರೇಡಿಯೇಟರ್ ಹಿತ್ತಾಳಿ, ತಾಮ್ರ. ಅಂದ್ರ ನಮ್ಮ ಕೊಡ, ಹಂಡೇವು ಇದ್ವಲ್ಲ, ಅದ ಕುಲ. ಸಣ್ಣವರಿದ್ದಾಗ ಕಲಾಯಿ ಹಾಕೋರು ಓಣಿಗೆ ಬರ್ತಿದ್ರು. ನೆಲದಾಗ ಕುಣಿ ತೋಡಿ ಇದ್ದಲಿ ಹಾಕಿ ತಿದಿ ಒತ್ತೋರು, ಪಾತ್ರಿ ಕಾಸಿ ನವಸಾಗರದ ಪುಡಿ ಚೆಲ್ಲಿದ್ರ ಬೆಳ್ಳಗ ಹೊಗಿ ಏಳ್ತಿತ್ತು, ಮೂಗು ಕಿತ್ತು ಬರೋದು. ತವರ ಮುಟ್ಟಿಸಿ ಅರಳಿಲೆ ತಿಕ್ಕಿದ್ರ ಪಾತ್ರಿ ಒಳಗ ಬೆಳ್ಳಿ. ನವಸಾಗರ ಯಾಕಂದ್ರ ಹಿತ್ತಾಳಿ ಮ್ಯಾಲಿನ ಕಿಲುಬು ಹೋಗಬೇಕು, ಇಲ್ಲಾಂದ್ರ ತವರ ಹಿಡಿಯಲ್ಲ. ರೇಡಿಯೇಟರ್ ಬೆಸುಗಿ ಹಾಕೋದೂ ಇದ ಕಾಯ್ದಿ: ಮೊದಲು ತಿಕ್ಕು, ಆಮೇಲೆ ಕಾಸು, ಆಮೇಲೆ ಮುಟ್ಸು. ಸ್ಟೀಲ್ ಪಾತ್ರಿ ಬಂದು ಕಲಾಯಿ ಕೆಲಸ ಕಡಿಮಿಯಾದಾಗ ಆ ಕೈಗಳು ಎಲ್ಲಿ ಹೋದ್ವು ಅಂತ ಯಾರೂ ಕೇಳಲಿಲ್ಲ. ನಮ್ಮ ಓಣಿಗೆ ಬರ್ತಿದ್ದೋರ ಮಗ ಹೊಸಪೇಟಿಯಾಗ ರೇಡಿಯೇಟರ್ ಅಂಗಡಿ ಸೇರಿದ್ದ, ಅಷ್ಟು ನನಗ ಗೊತ್ತು.

ಬ್ಯಾರೆ ಒಂದು ವೈರಿ ನಮ್ಮ ಬೋರಿನ ನೀರು. ಕೂಡ್ಲಿಗಿ, ಕೊಟ್ಟೂರು ಕಡೀನ ಗಡಸು ನೀರು ನಿಮಗೂ ಗೊತ್ತು, ಬ್ಯಾಳಿ ಬೇಯಲ್ಲ, ಸಾಬೂನು ನೊರಿ ಬರಲ್ಲ, ಹಂಡೆ ಒಳಗ ಸುಣ್ಣದ ಹಕ್ಕಳಿ ಕಟ್ತೈತಿ. ನೀರು ಕಾಯಿಸಿದಾಗ ಅದರಾಗ ಕರಗಿದ ಸುಣ್ಣ ಬಿಟ್ಕೊಂಡು ಲೋಹಕ್ಕ ಅಂಟ್ತೈತಿ. ಹಂಡೆಯಾಗ ಒಂದು ಬೆರಳು ದಪ್ಪ ಕಟ್ಟಿದ್ರೂ ನಡೀತೈತಿ, ರೇಡಿಯೇಟರಿನ ನಳಿಗಿ ಅಷ್ಟು ಅಗಲಾನೇ ಇರಲ್ಲ. ಮಾವನೋರು ಮಳಿ ನೀರು, ಕೆರಿ ನೀರು ಹಾಕ್ರಿ ಅಂತ ಬಡ್ಕೊಳ್ತಿದ್ರು. ಬ್ಯಾಸಿಗ್ಯಾಗ ಕುಡಿಯಾಕ ಇಲ್ಲ, ಜೀಪಿಗೆಲ್ಲಿ ಕೆರಿ ನೀರು?

ಸೋರಿಕಿಗೆ ಮನಿಮದ್ದು ಇತ್ತು, ಅರಿಶಿಣ. ನಗಬ್ಯಾಡ್ರಿ, ಲಾರಿ ಡ್ರೈವರ್‌ಗಳು ದೇಶದ ತುಂಬಾ ಮಾಡಿದ್ದು ಇದು. ಒಂದೆರಡು ಚಮಚ ಅರಿಶಿಣ ಪುಡಿ ರೇಡಿಯೇಟರಿಗೆ ಹಾಕಿದ್ರ, ನೀರಿನ ಜೊತಿ ತಿರುಗಿ ತೂತಿನ ಹತ್ರ ಹೋಗಿ ಉಬ್ಬಿ ಕೂತ್ಕೊಂತೈತಿ, ಸಣ್ಣ ಸೋರಿಕಿ ನಿಲ್ತೈತಿ. ಬೆಳ್ಳುಳ್ಳಿ ಜಜ್ಜಿದ ಬೆರಳಿಗೆ ಕೊಯ್ಕೊಂಡಾಗ ನಾವು ಒತ್ತಲ್ವಾ ಹಂಗ. ಬ್ಯಾರೆ ದೇಶದಾಗ ತತ್ತಿ ಬಿಳಿಲೋಳಿ, ಮೆಣಸಿನ ಪುಡಿ ಹಾಕೋರಂತ. ನಮ್ಮ ಡ್ರೈವರ್ ಅಣ್ಣ ವಾರಕ್ಕೊಮ್ಮಿ ಹಿತ್ತಲ ಬಾಗಿಲಿಗೆ ಬಂದು "ಅಕ್ಕಾ, ಗಾಡಿಗೆ ಸ್ವಲ್ಪ ಅರಿಶಿಣ" ಅನ್ನೋನು. ಹಬ್ಬದ ಅರಿಶಿಣಕ್ಕಿಂತ ಜೀಪಿನ ಅರಿಶಿಣ ಜಾಸ್ತಿ ಖರ್ಚಾಗ್ತಿತ್ತು. ಆದ್ರ ಒಂದು ಮಾತು: ಪುಡಿಗೆ ತೂತು ಯಾವುದು, ನಳಿಗಿ ಯಾವುದು ಗೊತ್ತಾಗಲ್ಲ. ಸೋರೋದನ್ನೂ ಮುಚ್ತೈತಿ, ಹರಿಯೋದನ್ನೂ ಮುಚ್ತೈತಿ.

1996, ಏಪ್ರಿಲ್. ನೆಗೆಣ್ಣಿಗೆ ದಿನ ತುಂಬಿತ್ತು. ಬೆಳಗಿನ ಜಾವ ಬ್ಯಾನಿ ಬಂತು. ಮೊದಲನೇ ಕೂಸು ಹೊಟ್ಟಿ ಕೊಯ್ದು ತೆಗೆದಿದ್ರು, ಅದಕ್ಕ ದಾವಣಗೆರೆಗೆ ಹೋಗಬೇಕು ಅಂತ ತೀರ್ಮಾನ. ಡ್ರೈವರ್ ಅಣ್ಣ ಊರಾಗಿರಲಿಲ್ಲ, ನಮ್ಮ ಮನಿಯೋರ ಜೀಪು ತೆಗೆದ್ರು. ಗಾಡಿ ಕೆಳಗ ನೋಡಿದ್ರ ನೀರಿನ ಮಡು. ಅರಿಶಿಣ ಡಬ್ಬಿ ತಗೊಂಡು ಓಡಿದ್ದು ನಾನು. ದಾರಿ ಉದ್ದ ಐತಿ, ಎರಡು ಚಮಚದಾಗ ಏನಾಗ್ತೈತಿ ಅಂತ ಮುಷ್ಟಿ ತುಂಬಾ ಹಾಕಿದೆ. ಆಮೇಲೆ ಇನ್ನೊಂದು ಮುಷ್ಟಿ. ಸೋರೋದು ನಿಂತಿತು, ನನಗ ಎಷ್ಟು ಖುಷಿ! ಹರಪನಹಳ್ಳಿ ಇನ್ನೂ ಐದಾರು ಕಿಲೋಮೀಟರ್ ಇರ್ಬೇಕಾದ್ರ ಬಾನೆಟ್ ಸಂದಿಯಿಂದ ಹಬಿ ಬಂತು. ಮನಿಯೋರು ಇಳಿದು, ಟವಲ್ ಸುತ್ಕೊಂಡು ಮುಚ್ಚಳ ತಿರುವಿದ್ರು. ಹಳದಿ ನೀರು ಆಳೆತ್ತರ ಹಾರಿತು. ಬಲಗೈ ಮೊಳಕೈ ತನಕ ಸುಟ್ಟಿತು. ನೆಗೆಣ್ಣಿ ಹಿಂದ ಕುಂತು ಹಲ್ಲು ಕಚ್ಚಿ ಒಂದ ಸಮ ಅಳ್ತಿದ್ಲು, ನಾನು ಆಕಿ ಕೈ ಹಿಡ್ಕೊಂಡಿದ್ದೆ, ನನ್ನ ಅಂಗೈ ಇನ್ನೂ ಹಳದಿ ಇತ್ತು. ಹಿಂದಿಂದ ಮೆಕ್ಕಿಜೋಳ ಹೇರ್ಕೊಂಡು ಬಂದ ಟ್ರ್ಯಾಕ್ಟರಿನೋರು ಚೀಲ ಇಳಿಸಿ ನಮ್ಮನ್ನ ಹತ್ತಿಸ್ಕೊಂಡ್ರು. ಆ ಚೀಲ ದಾರಿ ಬದಿ ಬಿಟ್ಟು ಬಂದ ಆ ಮನುಷ್ಯನ ಹೆಸರು ಸುದ್ದಾ ಕೇಳಲಿಲ್ಲ ನಾವು. ಹರಪನಹಳ್ಳಿಯಾಗ ಹೆರಿಗಿ ಆತು. ಕೂಸು ಉಳೀತು, ತಾಯಿ ಉಳಿದ್ಲು, ಆದ್ರ ರಕ್ತ ಬಾಳ ಹೋಗಿ ಆಕಿ ಎರಡು ತಿಂಗಳು ಎದ್ದಿರಲಿಲ್ಲ. ಮನಿಯಾಗ ಎಲ್ಲಾರೂ ಬೈದಿದ್ದು ಜೀಪಿಗೆ. ನಾನೂ ಬೈದೆ.

ಆಮೇಲೆ ಅದನ್ನ ಹೊಲದ ಕೆಲಸಕ್ಕಷ್ಟ ಓಡಿಸಿದ್ರು, 2001ಕ್ಕ ದನದ ಕೊಟ್ಟಿಗಿ ಸೇರ್ತು. ಇಪ್ಪತ್ತು ವರ್ಷ ಕೋಳಿ ಅದರಾಗ ತತ್ತಿ ಇಟ್ವು. ಅದು ಅಲ್ಲೇ ನಿಂತಿತ್ತು, ತಾಲ್ಲೂಕುಗಳು ಮಾತ್ರ ಓಡಾಡಿದ್ವು. ಹರಪನಹಳ್ಳಿ 1997ರಾಗ ದಾವಣಗೆರೆ ಜಿಲ್ಲಾಕ್ಕ ಹೋತು, ತಿರುಗಾ ಬಳ್ಳಾರಿಗೆ ಬಂತು, 2021ರಾಗ ನಾವೆಲ್ಲಾ ವಿಜಯನಗರ ಜಿಲ್ಲಾ ಆದ್ವಿ, ಕೊಟ್ಟೂರೂ ಈಗ ತಾಲ್ಲೂಕು. ಅದ 2021ರ ಜುಲೈಯಾಗ ಕೇಂದ್ರ ಸರ್ಕಾರ ಒಂದು ನಿಯಮ ತಂತು. ಮೊದಲ ನೋಂದಣಿ ಆಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ಅಂತ ಬ್ಯಾರೆ ನೋಂದಣಿ, ನಂಬರ್ ಪ್ಲೇಟಿನಾಗ ವಿಎ ಅಕ್ಷರ, ಶುಲ್ಕ 20,000 ರೂಪಾಯಿ. ಬಾಡಿಗಿಗೆ ಓಡಿಸೋಹಂಗಿಲ್ಲ. ಗುಜರಿಗೆ ಹಾಕಾಕ ನಿಂತಿದ್ದ ಮೈದುನನ ಮನಸು ಆಗ ಬದಲಾತು. ಅವರ ಹಿರಿಮಗ ಹಟ ಹಿಡಿದು ಹೋದ ವರ್ಷ ರೇಡಿಯೇಟರ್ ಬಿಚ್ಚಿಸಿ ಹೊಸಪೇಟಿಗೆ ತಗೊಂಡು ಹೊಂಟ. ನಾನೂ ಬರ್ತೀನಿ ಅಂದೆ. ಯಾಕಂತ ಅವನು ಕೇಳಲಿಲ್ಲ, ಒಳ್ಳೇದಾತು.

ಹೊಸಪೇಟಿ ಅಂಗಡಿಯೋರು ಮೊದಲು ಬಾಯಿಗಳಿಗೆಲ್ಲಾ ರಬ್ಬರ್ ಬಿರಡಿ ಬಡಿದು, ನೀರಿನ ತೊಟ್ಟಿಯಾಗ ಮುಳುಗಿಸಿ ಗಾಳಿ ಒತ್ತಿದ್ರು, ಸೈಕಲ್ ಟ್ಯೂಬ್ ಪಂಚರ್ ನೋಡಿದಂಗ. ಗುಳ್ಳಿ ಎದ್ದಿದ್ದು ನಳಿಗಿಯಿಂದಲ್ಲ, ಕೆಳಗಿನ ತೊಟ್ಟಿ ಮೂಲಿಯಿಂದ, ಬೆಸುಗಿ ಸಾಲಿನಾಗ. ಆಮೇಲೆ ಬೆಂಕಿ ಹಿಡಿದು ಬೆಸುಗಿ ಕರಗಿಸಿ ಮ್ಯಾಲಿನ ತೊಟ್ಟಿ ಎತ್ತಿದ್ರು. ಒಳಗ ಹಳದಿ ಕಂದು ಗಟ್ಟಿ ಹೆಂಟಿ, ಸುಣ್ಣದ ಜೊತಿ ಕಲ್ಲಾಗಿತ್ತು. ಅರ್ಧಕ್ಕರ್ಧ ನಳಿಗಿ ಮುಚ್ಚಿದ್ವು. ಅಂಗಡಿಯೋರು ಬೆರಳಿನಾಗ ಕೆರೆದು ಮೂಸಿ, "ಯಾರೋ ಒಗ್ಗರಣಿ ಮಾಡ್ಯಾರ" ಅಂತ ನಕ್ಕರು. ಹುಡುಗಾನೂ ನಕ್ಕ. ನಾನು ಸೆರಗು ಸರಿ ಮಾಡ್ಕೊಂಡೆ.

ಆದ್ರ ಅವರು ಅಲ್ಲಿಗೇ ನಿಲ್ಲಲಿಲ್ಲ. "ಇದನ್ನ ಎಷ್ಟು ಸಲ ಬೆಸುಗಿ ಹಾಕ್ಸಿದ್ರೂ ಅದ ಮೂಲಿ ಒಡೆದೈತಿ, ನೋಡ್ರಿ ಇಲ್ಲಿ" ಅಂತ ಪದರ ಪದರ ಹಳೇ ಬೆಸುಗಿ ತೋರ್ಸಿದ್ರು. ಗಾಡಿಯಾಗ ಇದು ಕೂರೋ ಜಾಗದ ಫೋಟೋ ಕೇಳಿದ್ರು, ಹುಡುಗನ ಮೊಬೈಲಿನಾಗ ಇತ್ತು. ಜೀಪಿನ ರೇಡಿಯೇಟರ್ ಮುಂದಿನ ಅಡ್ಡಪಟ್ಟಿ ಮ್ಯಾಲ ಎರಡು ಬೋಲ್ಟಿನಾಗ ನಿಲ್ತೈತಿ, ನಡುವ ರಬ್ಬರ್ ಪ್ಯಾಡ್ ಇರಬೇಕು. ಕಲ್ಲುದಾರ್ಯಾಗ ಜೀಪಿನ ಚಾಸಿ ಆ ಕಡಿ ಈ ಕಡಿ ತಿರುಚತೈತಿ, ಆ ತಿರುಚು ರೇಡಿಯೇಟರಿಗೆ ತಾಗಬಾರ್ದು ಅಂತ ಆ ರಬ್ಬರು. ಮ್ಯಾಲಿಂದ ಅಲುಗದಂಗ ಒಂದು ಸಣ್ಣ ಸಲಾಕಿ. ನಮ್ಮದ್ರಾಗ ಡೀಸೆಲ್ ಎಂಜಿನ್ ಕೂಡ್ಸಿದಾಗ ಜಾಗ ಸಾಲದ ಪ್ಯಾಡ್ ತೆಗೆದು, ಕಬ್ಬಿಣದ ಆಂಗಲ್ ವೆಲ್ಡ್ ಮಾಡಿ, ಬೋಲ್ಟನ್ನ ಜೀವ ಹೋಗೋ ಹಂಗ ಬಿಗಿದಿದ್ರು. ಮ್ಯಾಲಿನ ಸಲಾಕಿನೂ ಇಲ್ಲ, ಬೈಂಡಿಂಗ್ ವೈರ್ ಸುತ್ತಿದ್ರು. ಡೀಸೆಲ್ಲಿನ ನಡುಕ, ದಾರಿಯ ತಿರುಚು ಎರಡೂ ನೆಟ್ಟಗ ಆ ಮೆತ್ತನ ಬೆಸುಗಿಗೆ. ಅದು ಒಡೀದ ಏನು ಮಾಡೀತು? ಹತ್ತು ವರ್ಷ ಬೆಸುಗಿ ಹಾಕಿದೋರನ್ನ ಬೈದ್ವಿ, ನೀರನ್ನ ಬೈದ್ವಿ. ಅದು ಕುಂತ ಜಾಗ ಬಗ್ಗಿ ನೋಡಿದೋರು ಒಬ್ಬರಿಲ್ಲ. ನಾವು ಹೆಣ್ಮಕ್ಕಳು ಹೊಸ ಗ್ಯಾಸ್ ಒಲಿ ತಂದ್ರ ಮೊದಲು ಕಟ್ಟಿ ಮ್ಯಾಲ ಅಲುಗಾಡತೈತೇನು ನೋಡ್ತೀವಿ.

ರಿಪೇರಿ ಹಿಂಗಾತು. ನಳಿಗಿಗಳಿಗೆ ತೆಳ್ಳಗಿನ ಚಪ್ಪಟಿ ಸಲಾಕಿ ಹಾಕಿ ಒಂದೊಂದಾಗಿ ಬಿಡಿಸಿದ್ರು, ಎರಡು ದಿನದ ಕೆಲಸ. ಮೂಲಿಗೆ ಹಿತ್ತಾಳಿ ಪಟ್ಟಿ ಒತ್ತುಕೊಟ್ಟು ಬೆಸುಗಿ ಹಾಕಿ ತಿರುಗಾ ನೀರಿನಾಗ ಮುಳುಗಿಸಿ ನೋಡಿದ್ರು, ಗುಳ್ಳಿ ಇಲ್ಲ. ಊರಿಗೆ ಬಂದ ಮ್ಯಾಲ ಆಂಗಲ್ ಕತ್ತರಿಸಿ ತೆಗೆದು, ಅಡ್ಡಪಟ್ಟಿ ಮ್ಯಾಲ ದಪ್ಪ ರಬ್ಬರ್ ಪ್ಯಾಡ್ ಕೂಡ್ಸಿದ್ರು. ಬೋಲ್ಟು ಪ್ಯಾಡನ್ನ ಸ್ವಲ್ಪ ಒತ್ತುವಷ್ಟ, ಹಿಂಡುವಷ್ಟಲ್ಲ, ನಟ್ಟು ಬಿಚ್ಚಿ ಹೋಗದಂಗ ಮ್ಯಾಲೊಂದು ನಟ್ಟು. ಸಲಾಕಿ ಹೊಸದಾಗಿ ಮಾಡಿಸಿ, ಫ್ಯಾನಿಗೂ ಜಾಳಗಿಗೂ ನಡುವ ಬೆರಳು ಆಡುವಷ್ಟು ಜಾಗ ಬಿಟ್ರು. ರೇಡಿಯೇಟರ್ ಹಿಂದಕ್ಕ ವಾಲಿದ್ರ ಫ್ಯಾನ್ ರೆಕ್ಕಿ ಜಾಳಗೀನ ಕೊಯ್ದು ಹಾಕತೈತಿ. ರಬ್ಬರ್ ಪೈಪುಗಳೂ ಹೊಸವು. ಎಲ್ಲಾ ಬೋಲ್ಟಿನ ಲೆಕ್ಕ ನನಗ್ಯಾಕ ಅಂತೀರಿ, ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆನಲ್ಲ.

ಅಂಗಡಿಯಾಗ ಇನ್ನೊಂದು ಆತು. ನಾನು ಜೊತಿಗೆ ನಮ್ಮತ್ತಿಯ ಸೋರೋ ತಾಮ್ರದ ಕೊಡ ಒಯ್ದಿದ್ದೆ, ಇದಕ್ಕೂ ಒಂದು ಬೊಟ್ಟು ಬೆಸುಗಿ ಹಾಕ್ರಿ ಅಂತ. ಆತ ಮುಟ್ಟಲಿಲ್ಲ. "ಅಮ್ಮಾ, ನಮ್ಮ ಬೆಸುಗಿಯಾಗ ಸೀಸ ಇರ್ತೈತಿ, ಕುಡಿಯೋ ನೀರಿಗೆ ವಿಷ" ಅಂದ. ಕಲಾಯಿಗೆ ಬರೀ ತವರ ಬೇಕು. ನಿಮ್ಮ ಮನಿಯಾಗ ಯಾರಾದ್ರೂ ಹಂಗ ಹಳೇ ಕೊಡಕ್ಕ ರೇಡಿಯೇಟರ್ ಬೆಸುಗಿ ಹಾಕ್ಸಿದ್ರ ಅದರಾಗ ಹೂವು ಇಡ್ರಿ, ನೀರು ಬ್ಯಾಡ. ಹಂಗ ಈಗ ರೇಡಿಯೇಟರಿಗೆ ಹಾಕೋ ಬಣ್ಣದ ಕೂಲೆಂಟ್ ಸಿಹಿ ಇರ್ತೈತಿ, ವಿಷಾನೂ ಹೌದು. ಚೆಲ್ಲಿದ್ರ ಮಕ್ಕಳು, ನಾಯಿ, ಬೆಕ್ಕು ನೆಕ್ಕೋ ಮುಂಚೆ ತೊಳೀರಿ.

ವಿಂಟೇಜ್ ನೋಂದಣಿ ಇನ್ನೂ ಆಗಿಲ್ಲ. ಎಂಜಿನ್ ಬದಲಾಗಿದ್ದು ಅಡ್ಡ ಬರ್ತೈತೇನು ಅಂತ ಹುಡುಗ ಕಾಗದ ಹಿಡ್ಕೊಂಡು ಓಡಾಡ್ತಿದಾನ.

ಈಗ ನೆಗೆಣ್ಣಿಗೆ. ನೀನು ಇದನ್ನ ಓದ್ತೀ ಅಂತ ಗೊತ್ತು ನನಗ. ಆವತ್ತು ಜೀಪು ಕೆಟ್ಟಿದ್ದು ಜೀಪಿನ ಹಣೇಬರಹದಿಂದಲ್ಲ, ಎರಡು ಮುಷ್ಟಿ ನನ್ನವು. ಸೋರಿಕಿ ಮೂಲ ಬ್ಯಾರೆ ಇತ್ತು, ಖರೆ, ಆದ್ರ ಅವತ್ತು ನೀರು ನಿಲ್ಲಿಸಿದ್ದು ನಾನು. ಇಪ್ಪತ್ತೆಂಟು ವರ್ಷ ಒಂದ ಮನಿಯಾಗ ಉಂಡಿವಿ, ಹೇಳೋಕ ಬಾಯಿ ಬರಲಿಲ್ಲ. ಹೊಸಪೇಟಿಯಿಂದ ಬಂದ ದಿನ ಹೇಳಬೇಕಂತ ಅಡಗಿಮನಿಗೆ ಬಂದೆ, ನೀನು ರೊಟ್ಟಿ ಬಡೀತಿದ್ದಿ, ನಾನು ಒಲಿ ಮುಂದ ಕುಂತು ಎದ್ದು ಬಂದೆ.

ಈ ಬ್ಯಾಸಿಗಿಗೆ ನಿನ್ನ ಮಗಳು ಬೆಂಗಳೂರಿಂದ ಬರ್ತಾಳ. ಅದ ಜೀಪಿನಾಗ ಹರಪನಹಳ್ಳಿಗೆ ಹೋಗೋಣ ಅಂತ ಹುಡುಗ ಅಂತಾನ. ನೀನು ಬರೋದಾದ್ರ ನಾನೂ ಬರ್ತೀನಿ. ನೀರಿನ ಕೊಡ ಸೀಟಿನ ಕೆಳಗ ಇಟ್ಟಿರ್ತೀನಿ, ಬೇಕಾಗಲ್ಲ, ಆದ್ರೂ ಇಟ್ಟಿರ್ತೀನಿ.